ಮಸಣದ ದಾರಿ, ಮೈಕಿನ ಕರಕರ

ಮಲ್ಲಿಕಾರ್ಜುನ ಅವರಿಗೆ,

ನಿಮ್ಮ ಎಸ್ಟೇಟಿನೊಳಗಿಂದ ನಮ್ಮ ಮಸಣಕ್ಕೆ ಹೋಗುವ ದಾರಿಯನ್ನು ಮುಚ್ಚುವುದಿಲ್ಲ ಎಂದಿದ್ದಿರಿ. ಈಗ ಗೇಟಿಗೆ ಬೀಗ ಬಿದ್ದಿದೆ. ಕೇಳಿದರೆ, "ನಾನೆಲ್ಲಿ ಹಾಗಂದೆ ಮಾರಾಯ್ತಿ? ನಿನ್ನ ರೆಕಾರ್ಡಲ್ಲಿ ಬರೀ ಕರಕರ ಕೇಳ್ತದೆ" ಎಂದು ನಕ್ಕಿರಿ.

ಕರಕರ ನಿಜ. ನಮ್ಮಜ್ಜಿ ಕೆಂಚಮ್ಮ ಹಾಡುವ ಗದ್ದೆ ನಾಟಿಯ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದಾಗ ನೀವು ಕೇಳಲು ಬಂದು, ಅದೇ ಮೈಕಿನೆದುರು ಮಾತು ಕೊಟ್ಟಿರಿ. ಮೆಲ್ಲಗೆ ಹೇಳಿದಿರಿ. ದನಿ ಏರಿಸಲೆಂದು ನಾನು ರೆಕಾರ್ಡಿಂಗ್ ಮಿಕ್ಸರಿನ ನಾಬ್ ತಿರುಗಿಸಿದೆ. ಆ ನಾಬಿಗೆ ಹಿಂದಿನ ದಿನವಷ್ಟೇ ಅಜ್ಜಿ, "ಮಳೆಗೆ ಇದಕ್ಕೂ ಕೀಲು ಹಿಡ್ಕಂಡದೆ" ಎಂದು ತನ್ನ ಮಂಡಿಗೆ ಹಚ್ಚುವ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಎಣ್ಣೆಯ ಜಿಡ್ಡಿಗೆ ನಾಬ್ ತಿರುಗಿಸಿದಷ್ಟೂ ಕರಕರ ಎಂದಿತು; ನಿಮ್ಮ ಮಾತು ಆ ಸದ್ದಿನಲ್ಲಿ ಮುಚ್ಚಿಹೋಯಿತು.

ಈಗ ಮಿಕ್ಸರ್ ಬಿಚ್ಚಿ, ಜಿಡ್ಡನ್ನು ಕ್ಲೀನರ್ ಸ್ಪ್ರೇಯಿಂದ ತೊಳೆದು, ನಾಬನ್ನು ಈ ತುದಿಯಿಂದ ಆ ತುದಿಗೆ ಬಹಳ ಹೊತ್ತು ತಿರುಗಿಸಿದೆ. ಸದ್ದು ಹೋಗಿದೆ. ಹಳೆಯ ರೆಕಾರ್ಡಿಂಗ್ ಮಾತ್ರ ಸರಿಹೋಗುವುದಿಲ್ಲ.

ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. "ನಿಮ್ಮಜ್ಜನ ಪಕ್ಕ ಮಣ್ಣು ಮಾಡ್ತೀರೇನೇ?" ಎಂದು ದಿನಾ ಕೇಳುತ್ತಾಳೆ. ಉತ್ತರ ಕೊಡಬೇಕಾದವರು ನೀವು. ನಾವು ದಯೆ ಕೇಳುತ್ತಿಲ್ಲ. ಹೆಣ ಹೊರುವ ದಾರಿ ಯಾರಪ್ಪನ ಸ್ವತ್ತೂ ಅಲ್ಲ.

ಮೈಕನ್ನು ಅವಳ ಹಾಸಿಗೆಯ ಪಕ್ಕ ಇಟ್ಟಿರುತ್ತೇನೆ. ಲೈನ್ ಮನೆಗಳ ಕೂಲಿಯವರೆಲ್ಲ ಇರುತ್ತಾರೆ. ಗೇಟಿನ ಕೀಲಿ ತನ್ನಿ. ಕೊಡುವುದಿಲ್ಲವೆಂದರೂ ಬನ್ನಿ, ಅದನ್ನು ಅವಳ ಮುಖ ನೋಡಿಯೇ ಹೇಳಿ. ಈ ಸಲ ಸ್ಪಷ್ಟವಾಗಿ ಕೇಳುತ್ತದೆ.

ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.

ರೂಪಶ್ರೀ
ಬಣಕಲ್