ನಾನು ಹಚ್ಚಿಸಿದ ಕರ್ಪೂರ

ಆಗಸ್ಟ್ 7, ಗುರುವಾರ

ಹಾಸನದ ಗಾರ್ಮೆಂಟ್ಸ್ ಗೇಟಿನ ಮುಂದೆ ಮುಷ್ಕರದ ನಾಲ್ಕನೇ ದಿನ. ಕೆಲಸದಿಂದ ತೆಗೆದ ಹನ್ನೊಂದು ಹೆಂಗಸರನ್ನು ವಾಪಸ್ ತೆಗೆದುಕೊಳ್ಳುವವರೆಗೆ ಯಾರೂ ಒಳಗೆ ಹೋಗಬಾರದು. ಆದರೂ ದಿನಾ ನಾಲ್ಕೈದು ಜನ ಮೆಲ್ಲಗೆ ಜಾರಿಕೊಳ್ಳುತ್ತಿದ್ದಾರೆ. ಭಾಷಣ, ಕರಪತ್ರ — ಯಾವುದೂ ನಾಟುತ್ತಿಲ್ಲ. ಕೊನೆಗೆ ನಾನೇ ಅಂದೆ, ಕೆಂಪಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡೋಣ. ನಾನು! ಹದಿನೆಂಟು ವರ್ಷದಿಂದ ಕೆಂಬಾವುಟದ ಪಾರ್ಟಿ ಮೆಂಬರ್, ದೇವರನ್ನೇ ನಂಬದವಳು. ಎಲ್ಲರೂ ಉರಿ ಮುಟ್ಟಿದರು. "ತಪ್ಪಿದರೆ ಮಕ್ಕಳ ಮೇಲೆ" ಅಂತ ಹೇಳಿಸಿದ್ದೂ ನಾನೇ.

ಆಗಸ್ಟ್ 11

ಪಾರ್ಟಿಯ ಜಿಲ್ಲಾ ಕಾರ್ಯದರ್ಶಿ ಶಾಂತರಾಜು ಖುಷಿಯಲ್ಲಿದ್ದರು. "ಗುರುವಾರ ಕಂಪ್ನಿಯೋರು ಮಾತುಕತೆಗೆ ಕರ್ದವ್ರೆ ಕಣಮ್ಮ ಸ್ನೇಹಲತಾ. ಗೆದ್ದಂಗೇಯ."

ಸಂಜೆ ಗೊತ್ತಾಯಿತು. ಆಣೆ ಮಾಡಿದವರಲ್ಲೊಬ್ಬಳು, ಕೊರವಂಗಲದ ಶೋಭಿತಾ, ಶನಿವಾರ ಹಿಂದಿನ ಗೇಟಿನಿಂದ ಹೋಗಿ ಒಂದು ಶಿಫ್ಟ್ ಮಾಡಿ ಬಂದಿದ್ದಾಳೆ. ಭಾನುವಾರದಿಂದ ಮಗಳಿಗೆ ಜ್ವರ.

ಆಗಸ್ಟ್ 12, ಮಧ್ಯಾಹ್ನ

ಕೊರವಂಗಲಕ್ಕೆ ಹೋಗಿದ್ದೆ. ಶೋಭಿತಾಳ ಮಗಳು ಧನುಶ್ರೀಗೆ ಇನ್ನೂ ನಾಲ್ಕು ವರ್ಷ. ಮೈ ಸುಡುತ್ತಿದೆ. ತೋಳಿನ ಮೇಲೆ ಸಣ್ಣ ಕೆಂಪು ಚುಕ್ಕೆ. ಡೆಂಗ್ಯೂನೇ, ಪಕ್ಕದ ಬೀದಿಯಲ್ಲೂ ಇದೆ. ಆಸ್ಪತ್ರೆಗೆ ಹೊರಡು ಅಂದೆ. ಶೋಭಿತಾ ಮಗುವನ್ನು ಅವುಚಿಕೊಂಡಳು.

"ಡಾಕ್ಟ್ರು ಏನ್ ಮಾಡ್ತಾರಕ್ಕ? ಕೆಂಪಮ್ಮ ಇಡ್ಕೊಂಡವ್ಳೆ. ಆಣೆ ಇಕ್ಸಿದ್ದು ನೀವು. ಎಲ್ರ ಮುಂದೆ ನೀವೇ ಬುಡ್ಸಿ. ಆಮೇಕೆ ಎಲ್ಗಾದ್ರೂ ಬತ್ತೀನಿ."

"ಆಣೆನೂ ಇಲ್ಲ ಗೀಣೆನೂ ಇಲ್ಲ ಕಣೆ. ಇದು ಸೊಳ್ಳೆ ಕಾಯಿಲೆ!"

"ಅಂಗಾದ್ರೆ ನಮ್ ಕೈಲಿ ಯಾಕೆ ಉರಿ ಮುಟ್ಸಿದ್ರಿ?"

ಮಗುವನ್ನು ಎತ್ತಿಕೊಳ್ಳಲು ಹೋದೆ. ಅವಳ ಅತ್ತೆ ಅಡ್ಡ ನಿಂತರು.

ಶಾಂತರಾಜುಗೆ ಫೋನ್ ಮಾಡಿದೆ. "ಎಲ್ರ ಮುಂದೆ ಬುಡ್ಸಿದ್ರೆ ಎಲ್ರದೂ ಬುಟ್ಟಂಗೆ ಕಣಮ್ಮ. ನಾಳೆನೇ ಒಳೀಕೋಯ್ತಾರೆ. ಇನ್ನೆರಡು ದಿನ ತಡ್ಕೊ."

ಎರಡು ದಿನ ಮಗು ತಡೆಯಬೇಕಲ್ಲ... ಭಯ ಆಗುತ್ತಿದೆ.

ಅದೇ ದಿನ, ಸಂಜೆ 6

ಬಿಡಿಸಿದೆ. ಎಲ್ಲರನ್ನೂ ಗುಡಿ ಹತ್ತಿರ ಕರೆಸಿ, ಒಬ್ಬೊಬ್ಬರ ಕೈಗೂ ಅರಿಶಿನದ ನೀರು ಹಾಕಿದೆ. "ನಾನು ಇಡಿಸಿದ ಆಣೆ, ನಾನೇ ತೆಗೀತಿದ್ದೀನಿ. ಏನಿದ್ದರೂ ನನ್ನ ಮೇಲೆ ಬರಲಿ." ನಾಟಕ ಅಂದುಕೊಂಡೇ ಶುರು ಮಾಡಿದ್ದು. ಕೊನೆಗೆ ನಾನೇ ಅಮ್ಮನಿಗೆ ಕೈ ಮುಗಿದಿದ್ದೆ. ಅದು ನಾಟಕ ಆಗಿರಲಿಲ್ಲ.

ಶೋಭಿತಾ ಕೂಡಲೇ ಆಟೋ ಹತ್ತಿದಳು. ಮಗುವಿನ ಮೂಗಲ್ಲಿ ರಕ್ತ.

ಆಗಸ್ಟ್ 13, ಬೆಳಗ್ಗೆ 8:40

ಗೇಟಿನ ಹೊರಗೆ ನಾನು, ಆ ಹನ್ನೊಂದು ಜನ. ಅಷ್ಟೇ. ಮಿಕ್ಕವರು ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಶಾಂತರಾಜು ನನ್ನ ಫೋನ್ ಎತ್ತುತ್ತಿಲ್ಲ.

ಧನುಶ್ರೀ ಐಸಿಯುನಲ್ಲಿದ್ದಾಳೆ. ತಡ ಮಾಡಿ ತಂದಿರಿ ಅಂದರಂತೆ ಡಾಕ್ಟರು.

ಈಗ ಶೋಭಿತಾಳ ಕಾಲ್. ತೆಗೆಯಲು ಧೈರ್ಯ ಇಲ್ಲ. ನಿಂತಿತು. ಮತ್ತೆ ಬರುತ್ತಿದೆ — ಅಮ್ಮಾ, ಕೆಂಪಮ್ಮಾ, ಇನ್ನೇನೂ ಕೇಳಲ್ಲ, ಆ ಮಗುವನ್ನೊಂದು ಉಳಿಸಿಕೊಡು.