ಹದಿನೇಳನೆಯ ಹೆಜ್ಜೆಯ ನಂತರ

ಮೇ 26, ಸೋಮವಾರ

ಎಂದಿನಂತೆ ಏಳರ ಟ್ರೇನ್. ನದಿಯ ಮೇಲೆ ಮಂಜು, ಮೇ ಕೊನೆಯಲ್ಲೂ ಚಳಿ. ಆಫೀಸಿನ ಹೀಟರ್ ಇನ್ನೂ ರಿಪೇರಿಯಾಗಿಲ್ಲ, ಕೋಟು ಹಾಕಿಕೊಂಡೇ ಕೆಲಸ.

ಪಕ್ಕದ ಲ್ಯಾಬಿನ ಫರ್ಗಸ್‌ನ ಕ್ವಾಂಟಂ ಚಿಪ್ ಮತ್ತೆ ಹಠ ಮಾಡಿದೆ. ನಲವತ್ತು ಕ್ಯೂಬಿಟ್, ಅಂದರೆ ನಲವತ್ತು ಕ್ವಾಂಟಂ ಬಿಟ್; ಮೂವತ್ತು ಹೆಜ್ಜೆಗಳ ಲೆಕ್ಕ. ಅದೇ ಲೆಕ್ಕವನ್ನು ಮಾಮೂಲಿ ಕಂಪ್ಯೂಟರಿನಲ್ಲಿ ಮಾಡಿ, ಚಿಪ್‌ನ ಉತ್ತರ ಸರಿಯೋ ತಪ್ಪೋ ಹೇಳುವುದು ನನ್ನ ಹೊಟ್ಟೆಪಾಡು. ಹದಿನಾರು ಹೆಜ್ಜೆವರೆಗೆ ಇಬ್ಬರದೂ ಒಂದೇ. ಹದಿನೇಳರಿಂದ ಅದು ದಾರಿ ತಪ್ಪುತ್ತದೆ. ಎಂಟು ತಿಂಗಳಿಂದ ಇದೇ ಕಥೆ. ಪಾಪ, ಅವನು ಚಿಪ್ ತಣ್ಣಗಿಡುವ ಆ ಆಳೆತ್ತರದ ಫ್ರಿಜ್ ಬಿಚ್ಚಿ ಒಂದೊಂದೇ ತಂತಿ ಬದಲಿಸುತ್ತಿದ್ದಾನೆ.

ಟೀ ಹೊತ್ತಿನಲ್ಲಿ ಕೆಣಕಿದ. "ನಿನ್ನ ಲೆಕ್ಕಾನೇ ತಪ್ಪಿರಬಹುದಲ್ವಾ, ಗ್ವೆಂಡಾ?"

"ಕುಣಿಯಲಾರದವನು ನೆಲ ಡೊಂಕು ಅಂದನಂತೆ. ಹೋಗು, ತಂತಿ ನೋಡು."

ನಕ್ಕ. ನಗುವಿನಲ್ಲೂ ಸುಸ್ತು. ಜೂನ್ ಆರಕ್ಕೆ ಹಣ ಕೊಡುವ ಕಮಿಟಿಯ ಸಭೆ. ಉತ್ತರ ಕೂಡದಿದ್ದರೆ ಅವನ ಹನ್ನೊಂದು ವರ್ಷದ ಕೆಲಸ ಬಂದ್.

ಮೇ 29, ಗುರುವಾರ

ಫರ್ಗಸ್ ಅಂದದ್ದು ತಲೆಯಿಂದ ಹೋಗುತ್ತಿಲ್ಲ.

ಒಂದು ಕ್ಯೂಬಿಟ್ ಹೆಚ್ಚಾದರೆ ಕಂಪ್ಯೂಟರಿನಲ್ಲಿ ಬೇಕಾಗುವ ಜಾಗ ಎರಡರಷ್ಟು. ನಲವತ್ತಕ್ಕೆ ನಮ್ಮಲ್ಲಿ ಜಾಗವೇ ಇಲ್ಲ. ಅದಕ್ಕೆ ತೀರ ಸಣ್ಣ ಸಂಖ್ಯೆಗಳನ್ನು ಎಸೆಯುತ್ತಾ ಹೋಗುತ್ತೇನೆ. ಈ ಕಸುಬಿನಲ್ಲಿ ಬಹಳ ಜನ ಹಾಗೇ ಮಾಡುವುದು. ಎಷ್ಟು ಎಸೆದರೆ ತೊಂದರೆಯಿಲ್ಲ ಎಂದು ಇಪ್ಪತ್ತು ಕ್ಯೂಬಿಟ್ಟಿನಲ್ಲಿ ಪರೀಕ್ಷಿಸಿದ್ದೆ. ನಲವತ್ತರಲ್ಲಿ... ನೋಡೇ ಇಲ್ಲ.

ಒಂದನ್ನೂ ಎಸೆಯದೆ ಮಾಡಲು ಸೂಪರ್‌ಕಂಪ್ಯೂಟರೇ ಬೇಕು. ನನ್ನ ಸರದಿ ಆಗಸ್ಟಿಗೆ. ಅದನ್ನು ನೋಡಿಕೊಳ್ಳುವ ಮೆರಿಯಾನಾಗೆ ಫೋನ್ ಮಾಡಿದೆ.

"ಮಂಗಳವಾರ ಸರ್ವೀಸ್‌ಗೆ ಅಂತ ಇಡೀ ದಿನ ಬಂದ್. ಮಧ್ಯಾಹ್ನಕ್ಕೇ ಮುಗಿದ್ರೆ ಸಂಜೆವರೆಗೆ ಮಷೀನ್ ಸುಮ್ನೆ ಕೂತಿರುತ್ತೆ. ಆಗ ಬಾ. ಊರಿಗೆಲ್ಲ ಡಂಗುರ ಹೊಡೀಬೇಡ."

"ನಿನಗೇನು ತರಲಿ?"

"ನಿಂಬೆಹಣ್ಣಿನ ಕೇಕ್. ಹೋದ ಸಲದ ಥರದ್ದು ಬೇಡ, ತಳ ಸೀದಿತ್ತು."

ಈ ಹೆಂಗಸಿಗೆ ಪುಣ್ಯ ಬರಲಿ.

ಜೂನ್ 3, ಮಂಗಳವಾರ, ಸಂಜೆ 4.40

ಒಂದನ್ನೂ ಎಸೆಯದೆ ಮೂವತ್ತು ಹೆಜ್ಜೆ ಮುಗಿಯಿತು. ಪಕ್ಕದಲ್ಲಿ ಫರ್ಗಸ್‌ನ ಉತ್ತರ ಇಟ್ಟೆ. ಹದಿನೇಳು — ಕೂಡಿತು. ಹದಿನೆಂಟು. ಹತ್ತೊಂಬತ್ತು... ಕೂದಲೆಳೆಯ ವ್ಯತ್ಯಾಸ ಬಿಟ್ಟರೆ ಮೂವತ್ತರವರೆಗೂ.

ಅವನ ಚಿಪ್ ಸರಿ. ಮೊದಲಿಂದಲೂ ಸರಿ. ತಪ್ಪಿದ್ದು ನಾನು. ಎಂಟು ತಿಂಗಳು.

ಮೆರಿಯಾನಾ ಕೇಕ್ ತಿನ್ನುತ್ತಿದ್ದವಳು ತಲೆಯೆತ್ತಿದಳು. "ಯಾಕೆ ಹಂಗೆ ಬಿಳುಚ್ಕೊಂಡೆ?"

ಹೇಳಿದೆ.

"ನೀನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?"

"ಗೊತ್ತಾಗಲ್ಲ."

"ಸರಿ. ಯಾವಾಗ ಹೇಳ್ತೀಯ ಅವನಿಗೆ?"

ಜೂನ್ 4

ಹೇಳಲಿಲ್ಲ. ಅವನು ಫ್ರಿಜ್ ಒಳಗೆ ತಲೆ ತೂರಿಸಿದ್ದ. ಹೊರಬರಲಿ ಎಂದು ಕಾದೆ. ಬರುವ ಮೊದಲೇ ಹೊರಟುಬಿಟ್ಟೆ. ಹೇಡಿ.

ಜೂನ್ 5, ಬೆಳಗ್ಗೆ 10

ಹೇಳಿದೆ. ಎರಡು ಹಾಳೆ ಮುಂದಿಟ್ಟೆ. ಫರ್ಗಸ್ ಹದಿನೇಳರಿಂದ ಮೂವತ್ತರವರೆಗೆ ಬೆರಳಿಟ್ಟು ನೋಡಿದ.

"ಕ್ರಿಸ್‌ಮಸ್ ದಿನಾನೂ ಇಲ್ಲೇ ಇದ್ದೆ, ಗ್ವೆಂಡಾ. ಮಗಳು ಮೂರು ದಿನ ಮಾತಾಡಿಸ್ಲಿಲ್ಲ."

"ಗೊತ್ತು."

"ಬೈಬೇಕು ಅನ್ನಿಸ್ತಿದೆ."

"ಬೈ."

ಬೈದ. ಚೆನ್ನಾಗಿಯೇ ಬೈದ. ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ತೋಳಿನಿಂದ ಕಣ್ಣೊರೆಸಿಕೊಂಡ. "ಅಂದ್ರೆ... ಇದು ಕೆಲಸ ಮಾಡ್ತಿದೆ" ಅಂದ. ನನಗೂ ಅಳು ಬಂತು. ನಾಳೆ ಕಮಿಟಿಗೆ ನಾನೇ ಹೇಳುತ್ತೇನೆ ಎಂದೆ.

ಜೂನ್ 6, ಸಂಜೆ

ಹೇಳಿದೆ. ಕಮಿಟಿಯ ಹಿರಿಯ ಹೆಂಗಸು ಕನ್ನಡಕ ತೆಗೆದರು. "ಹಾಗಾದ್ರೆ ಇನ್ಮುಂದೆ ನಿಮ್ಮ ಲೆಕ್ಕ ಯಾರು ನಂಬಬೇಕು?"

ಹಿಂದಿನ ಸಾಲಿನಿಂದ ಫರ್ಗಸ್ ಎದ್ದ.

"ನಾನು ನಂಬ್ತೀನಿ. ಇವಳ ತಪ್ಪನ್ನ ಇವಳೇ ಹುಡುಕಿದ್ದು, ನಾನಲ್ಲ. ಇನ್ನೊಂದು — ಇವಳ ದೆಸೆಯಿಂದ ಎಂಟು ತಿಂಗಳು ತಂತಿ ತಂತೀನೂ ತಿಕ್ಕಿದೀನಿ. ಚಿಪ್ ಇಷ್ಟು ಚೊಕ್ಕಟವಾಗಿ ಯಾವತ್ತೂ ಇರ್ಲಿಲ್ಲ."

ಅವರು ನಕ್ಕುಬಿಟ್ಟರು. ಇನ್ನೂ ಮೂರು ವರ್ಷ ಮುಂದುವರಿಸಿ ಎಂದರು.

ಇದೇ ಎಸೆಯುವ ಲೆಕ್ಕದ ಮೇಲೆ ಹೋದ ವರ್ಷ ಅಚ್ಚಾದ ನನ್ನ ಪೇಪರ್ ವಾಪಸ್ ಪಡೆಯಲು ಪತ್ರ ಕಳಿಸಿದೆ. ನಾಚಿಕೆಯಾಗುತ್ತಿದೆ. ಆದರೂ ಮನಸ್ಸು ತುಂಬಿದೆ. ಇಂಥವರ ನಡುವೆ ತಪ್ಪು ಮಾಡಿದೆನಲ್ಲ, ಅದು ನನ್ನ ಪುಣ್ಯ.

ಜೂನ್ 17, ಮಂಗಳವಾರ

ಫರ್ಗಸ್‌ನ ಮೇಲ್. ಹೊಸ ಲೆಕ್ಕ, ನಲವತ್ತೈದು ಹೆಜ್ಜೆ. "ಇಪ್ಪತ್ತೆರಡರಿಂದ ನಮ್ಮಿಬ್ಬರದೂ ಕೂಡ್ತಿಲ್ಲ. ಯಾರದು ತಪ್ಪು, ನೋಡಿ ಹೇಳು. ಈ ಸಲ ನಿನ್ನ ಮಾತು ಎದುರಾಡದೆ ಒಪ್ಕೋತೀನಿ."

ಉತ್ತರ ಬರೆಯಲು ಕೂತಿದ್ದೇನೆ. ಒಪ್ಪಿಕೊಳ್ಳಬೇಡ ಮಾರಾಯ. ಅವತ್ತು ಟೀ ಹೊತ್ತಿನಲ್ಲಿ ನೀನು ಎದುರಾಡದೆ ಇದ್ದಿದ್ದರೆ ನಾನು ಇವತ್ತಿಗೂ ನಿನ್ನ ತಂತಿಯನ್ನೇ ದೂರುತ್ತಿದ್ದೆ.