ಮದುಮಗನ ಹೊಟ್ಟೆಯ ಕೆಳಗೆ

ಭಾನುವಾರ, ಮಾರ್ಚ್ ಹದಿನಾಲ್ಕು
ಗ್ಯಾರೇಜಿನ ಮೇಜಿನಿಂದ

ಪ್ರೀತಿಯ ಎಡಚನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಅಮ್ಮ ಚೆನ್ನಾಗಿದ್ದಾರೆ. ನಿನ್ನ ಅಮ್ಮನೇ ಆದರೂ ಆರು ವರ್ಷ ನನ್ನ ಜೊತೆ ಇದ್ದು ಇದ್ದು, ನಿನಗಿಂತ ಹೆಚ್ಚು ನನಗೇ ಬೈಯುವಷ್ಟು ನನ್ನವರಾಗಿದ್ದಾರೆ. "ಪ್ರೀತಿಯ" ಎಂದು ಬರೆಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದೆ. "ಮಾನ್ಯರೇ" ಎಂದರೆ ವಿದ್ಯುತ್ ಕಚೇರಿಗೆ ಬರೆದ ಹಾಗಾಗುತ್ತದೆ. ಬರೆದಾಯಿತು, ಇರಲಿ ಬಿಡು.

ನೀನು ಹೋದಾಗಿನಿಂದ ನಾವು ಒಬ್ಬರಿಗೊಬ್ಬರು ಕಳಿಸಿಕೊಂಡದ್ದೆಲ್ಲ ಫೋನಿನಲ್ಲಿ ಒಂದೊಂದು ಸಾಲು. ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಸರಿ. ಮಾತ್ರೆ ಬದಲಾಯಿಸಿದರು. ಆಯಿತು. ಇವತ್ತು ಹೇಳಬೇಕಾದದ್ದು ಆ ಅಳತೆಗೆ ಹಿಡಿಸುವುದಿಲ್ಲ.

ಮೊದಲು ತಪ್ಪೊಪ್ಪಿಗೆ. ಹೋದ ವರ್ಷ ವಾಹನಗಳ ಪತ್ರಿಕೆಯಲ್ಲಿ, ಅಜ್ಜ ಗಾಡಿ ಓಡಿಸುವ ನಮ್ಮ ಬಳಗದ ಹೆಸರಿನಲ್ಲಿ ಒಂದು ಠರಾವು ಅಚ್ಚಾಗಿತ್ತು. ನೀನು ಓದಿರುತ್ತೀಯ, ಕಾರ್ಖಾನೆಯಲ್ಲಿ ಎಲ್ಲರೂ ಓದಿರುತ್ತೀರಿ. ಅಜ್ಜನನ್ನು ಇನ್ನು ತಯಾರಿಸುವುದಿಲ್ಲ, ಅರವತ್ತು ವರ್ಷ ಕಲ್ಲುಗುಡ್ಡ ಹತ್ತಿದ ಗಾಡಿಯ ಜಾಗಕ್ಕೆ ಹೊಸ ಗಾಡಿ ಬರುತ್ತದೆ ಎಂದು ನಿಮ್ಮ ಕಂಪನಿ ಪ್ರಕಟಿಸಿದ ವಾರ ಅದು. ಬಳಗದ ಹನ್ನೊಂದು ಜನ ಇಲ್ಲಿ ಗ್ಯಾರೇಜಿನಲ್ಲಿ, ಟೈರುಗಳ ಮೇಲೆ ಕೂತು, ಮನೆಯಲ್ಲಿ ಯಾರೋ ಹೋದವರ ಹಾಗೆ ಮುಖ ಮಾಡಿಕೊಂಡಿದ್ದರು. ಹೊಸ ಗಾಡಿಯ ಚಿತ್ರ ಕೈಯಿಂದ ಕೈಗೆ ದಾಟಿತು. ಅದರ ಮಿರಿಮಿರಿ ಬಣ್ಣ, ಮಡಚಿಕೊಳ್ಳುವ ಕನ್ನಡಿ, ಮುಂದೆ ಟೀವಿಯಂಥ ಪರದೆ ನೋಡಿ ಗಡಿಯಾರ ರಿಪೇರಿಯವರು ಅದಕ್ಕೆ "ಮದುಮಗ" ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು. ಮದುಮಗನನ್ನು ಬಳಗದ ಯಾವ ಪಯಣಕ್ಕೂ ಸೇರಿಸಬಾರದು ಎಂದು ಠರಾವಾಯಿತು. ಅದರ ಕೊನೆಯ ವಾಕ್ಯ ನಿನಗೆ ನೆನಪಿರಬಹುದು: "ಇದನ್ನು ಮಾಡಿದವರು ಒಂದು ದಿನವೂ ಕೈ ಮಸಿ ಮಾಡಿಕೊಂಡವರಲ್ಲ."

ಆ ವಾಕ್ಯ ಬರೆದವಳು ನಾನು. ಅಧ್ಯಕ್ಷರು ಬರೆದದ್ದಲ್ಲ, ಅವರು ಭೂಗೋಳದ ಮೇಷ್ಟರಾಗಿದ್ದವರು, ಅವರಿಗೆ ಅಷ್ಟು ವಿಷ ಬರುವುದಿಲ್ಲ. ಅದನ್ನು ಮಾಡಿದವರಲ್ಲಿ ನೀನೂ ಒಬ್ಬ ಎಂದು ಗೊತ್ತಿದ್ದೇ ಬರೆದೆ. ಗೊತ್ತಿದ್ದುದರಿಂದಲೇ ಬರೆದೆ ಎನ್ನುವುದು ಹೆಚ್ಚು ಸರಿ. ಅಚ್ಚಾದ ಪತ್ರಿಕೆಯನ್ನು ಅಮ್ಮ ಭೂತಗನ್ನಡಿ ಹಿಡಿದು ಓದಿ, ಮಡಚಿಟ್ಟು, "ಅವನ ಉಗುರು ನಾನು ಉಜ್ಜಿದ್ದೀನಿ ಕಣೆ, ನಂಗೆ ಗೊತ್ತು" ಎಂದಷ್ಟೇ ಹೇಳಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ಹೋದ ಭಾನುವಾರದ ವಿಷಯ.

ಸರ್ವೇ ಮಾಡುವವಳು ನೆನಪಿದ್ದಾಳಲ್ಲ, ತಲೆಗೆ ಬಿಳಿ ಟೋಪಿ, ಯಾರ ಜಮೀನಿಗೆ ಹೋದರೂ ಬೈಸಿಕೊಂಡು ಬರುವವಳು. ಅವಳು ಅಜ್ಜನನ್ನು ಕೊಟ್ಟು ಮದುಮಗನನ್ನು ತಂದುಬಿಟ್ಟಳು. ಶೋಕಿಗಲ್ಲ. ದಿನಕ್ಕೆ ಆರು ತಾಸು ಕಲ್ಲುದಾರಿಯಲ್ಲಿ ಕುಲುಕಿ ಕುಲುಕಿ ಅವಳ ಬೆನ್ನು ಹೋಗಿತ್ತು. ಕೆಲಸ ಬಿಡಿ ಇಲ್ಲ ಗಾಡಿ ಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಇದನ್ನು ಅವಳು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಬಳಗದ ವರ್ಷದ ಪಯಣಕ್ಕೆ, ಗಾಳಿಯಂತ್ರಗಳಿರುವ ಆ ಬೋಳುಗುಡ್ಡದ ಬುಡಕ್ಕೆ, ಬೆಳಿಗ್ಗೆ ಏಳಕ್ಕೆ ನಾವು ಸೇರಿದ್ದಾಗ ಹೊಸ ಗಾಡಿಯಲ್ಲೇ ಬಂದು ನಿಂತಳು. ಬಂದದ್ದು ಯಾರಿಗೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ಇತ್ತು.

ಬಳಗದ ಬೇಕರಿಯವನು, "ಠರಾವಿದೆಯಲ್ಲಮ್ಮ" ಎಂದ.

"ನಾನು ಬಳಗದ ಜೊತೆ ಬರ್ತಿಲ್ಲ. ನಿಮ್ಮ ಹಿಂದೆ ಬರ್ತಿದ್ದೀನಿ. ರಸ್ತೆ ಎಲ್ಲರದೂ," ಎಂದಳು.

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಟೈರಿನ ಗಾಳಿ ನೋಡುವವಳ ಹಾಗೆ ಬಗ್ಗಿದೆ.

ಹತ್ತುವಾಗ ಏನಾಯಿತೆಂದು ವಿಸ್ತಾರವಾಗಿ ಹೇಳುವುದಿಲ್ಲ, ನಿನಗೇ ಗೊತ್ತಿರುತ್ತದೆ, ನೀನೇ ಎಷ್ಟು ಸಲ ಹತ್ತಿಸಿರುತ್ತೀಯೋ. ಎರಡನೇ ತಿರುವಿನ ನಂತರ ಜಲ್ಲಿ ಸಡಿಲವಾಗಿರುವ ಕಡಿದಾದ ಜಾಗ ಇದೆಯಲ್ಲ, ಅಲ್ಲಿ ಬೇಕರಿಯವನ ಅಜ್ಜ ಮೂರು ಸಲ ನಿಂತ. ಗಡಿಯಾರದವರದು ಅಡ್ಡ ಜಾರಿತು. ನನ್ನದು ಕೆಮ್ಮಿ, ಉಗಿದು, ಬೈಸಿಕೊಂಡು ಹತ್ತಿತು. ಮದುಮಗ ಬಂದ, ಒಂದೊಂದು ಚಕ್ರವನ್ನೂ ನೆಲ ಮುಟ್ಟಿ ನೋಡಿ ಇಡುವ ಹಾಗೆ ಇಟ್ಟುಕೊಂಡು, ಮೇಲೆ ಬಂದು ನಿಂತ. ಬೆಕ್ಕು ಗೋಡೆ ಹತ್ತಿದ ಹಾಗೆ. ಸರ್ವೇಯವಳು ಇಳಿದು ಬೆನ್ನಿಗೆ ಕೈ ಕೊಡಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ನೆಟ್ಟಗೆ ಇಳಿದದ್ದನ್ನು ನೋಡಿದೆ.

ಯಾರೂ ಹೊಗಳಲಿಲ್ಲ. ಆದರೆ ಒಬ್ಬೊಬ್ಬರೇ ಏನೋ ನೆಪ ಮಾಡಿಕೊಂಡು ಅದರ ಹತ್ತಿರ ಸುಳಿದರು. ಅಧ್ಯಕ್ಷರು ನಕ್ಷೆ ಹರಡಲು ಸಮತಟ್ಟಾದ ಜಾಗ ಬೇಕೆಂದು ಅದರ ಬಾನೆಟ್ಟನ್ನೇ ಆರಿಸಿಕೊಂಡರು. ಬೇಕರಿಯವನು ಹಿಂದಿನ ಸೀಟಿನಲ್ಲಿ ಬ್ರೆಡ್ಡಿನ ಟ್ರೇ ಎಷ್ಟು ಹಿಡಿಯುತ್ತದೆಂದು ಗೇಣು ಹಾಕಿದ. "ಸುಮ್ಮನೆ ನೋಡ್ತಿದ್ದೀನಿ" ಎಂದ, ಯಾರೂ ಕೇಳದೆ.

ಇಳಿಯುವಾಗ ಒಂದು ಚೂಪು ಕಲ್ಲು ಎದ್ದು ಅದರ ಹೊಟ್ಟೆಗೆ ಬಡಿಯಿತು. ಯಾವ ಗಾಡಿಗಾದರೂ ಬಡಿಯುವಂಥ ಕಲ್ಲು. ನಿಲ್ಲಿಸಿ ನೋಡಿದರೆ ಅಡಿ ತಗಡು ಒಳಕ್ಕೆ ತಗ್ಗಾಗಿ ಆಯಿಲ್ ಫಿಲ್ಟರಿಗೆ ತಾಗಿ, ತೊಟ್ಟು ತೊಟ್ಟು ಆಯಿಲ್ ಬೀಳುತ್ತಿತ್ತು. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ. ನಮಗೆಲ್ಲ ಖುಷಿಯಾಯಿತು. ಅಧ್ಯಕ್ಷರ ಮುಖ ಕೂಡ ಅರಳಿತು.

"ಇನ್ನೇನು, ಕಂಪ್ಯೂಟರ್ ಹೊತ್ತುಕೊಂಡು ಯಾರಾದರೂ ಗುಡ್ಡ ಹತ್ತಿ ಬರಬೇಕು," ಎಂದರು ಗಡಿಯಾರದವರು.

"ಇವರು ನೋಡ್ತಾರೆ," ಎಂದು ಸರ್ವೇಯವಳು ನನ್ನ ಕಡೆ ಕೈ ಮಾಡಿದಳು. ಅವಳ ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ ಹೊಸ ಫಿಲ್ಟರ್ ಇತ್ತು. ನಾನು ಚಾಪೆ ಹಾಸಿಕೊಂಡು ಕೆಳಗೆ ಹೋದೆ. ಹೋಗುವಾಗಲೇ ಹೊರಗೆ ಬಂದ ಮೇಲೆ ಏನು ಹೇಳಬೇಕು ಎಂದು ಬೈಗುಳ ಜೋಡಿಸಿಕೊಂಡಿದ್ದೆ.

ಅಜ್ಜನ ಫಿಲ್ಟರ್ ಹೇಗಿತ್ತು ಹೇಳು. ಅಡ್ಡಪಟ್ಟಿಯ ಹಿಂದೆ, ನಾಲ್ಕು ಥರದ ನಾಲ್ಕು ಬೋಲ್ಟು, ತಗಡು ಬಿಚ್ಚಿದರೆ ನೇರ ಎದೆಯ ಮೇಲೆ. ಅದಕ್ಕೇ ಯಾವಾಗಲೂ ಇಬ್ಬರು ಬೇಕು. ನೀನು ತಗಡು ಹಿಡಿಯುತ್ತಿದ್ದೆ, ನಾನು ಕೈ ತೂರಿಸಿ ಗೆಣ್ಣು ಕಿತ್ತುಕೊಳ್ಳುತ್ತಿದ್ದೆ. "ಇದನ್ನ ಮಾಡಿದೋನು ಕೈಗೆ ಸಿಕ್ಕರೆ ಅವನ ಕೈನೇ ಇದರೊಳಗೆ ತುರುಕ್ತೀನಿ" ಎಂದು ಎಷ್ಟು ಸಲ ಕೂಗಾಡಿದ್ದೇನೋ. ನೀನು ಹೋದ ಮೇಲೆ ಆ ತಗಡನ್ನು ಮಂಡಿಯಲ್ಲಿ ಹಿಡಿದು, ಒಂದೇ ಕೈಯಲ್ಲಿ ಬಿಚ್ಚುವುದು ಕಲಿತೆ. ಎಡಗಡೆ ಪಕ್ಕೆಲುಬು ಒಂದು ಸಲ ಬಿರುಕುಬಿಟ್ಟಿತು. ಅದನ್ನು ನಾನು ನಿನಗೆ ತಿಳಿಸಿರಲಿಲ್ಲ.

ಇದರಲ್ಲಿ ಮೂರೇ ಬೋಲ್ಟು. ಮೂರೂ ಒಂದೇ ಅಳತೆ. ಕೊನೆಯದನ್ನು ಬಿಚ್ಚಿ, ಅಭ್ಯಾಸಬಲದಿಂದ ಮಂಡಿ ಎತ್ತಿ ಕಾದೆ. ತಗಡು ಬೀಳಲಿಲ್ಲ. ಒಂದು ಸಣ್ಣ ಕೊಕ್ಕೆಗೆ ಸಿಕ್ಕಿಕೊಂಡು, ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ನೇತಾಡಿತು.

ಇಬ್ಬರಿರುವ ಗ್ಯಾರೇಜಿಗೆ ಆ ಕೊಕ್ಕೆ ಬೇಕಿಲ್ಲ. ನಿಮ್ಮ ಕಾರ್ಖಾನೆಯ ಯಂತ್ರಗಳಿಗಂತೂ ಬೇಕಿಲ್ಲ. ಒಬ್ಬಳೇ ಕೆಲಸ ಮಾಡುವವಳಿಗೆ ಮಾತ್ರ ಬೇಕು.

ಆಮೇಲೆ ಫಿಲ್ಟರ್. ಕೆಳಮುಖವಾಗಿತ್ತು. ಸುತ್ತ ಕೈಯಾಡುವಷ್ಟು ಜಾಗ, ಆದರೆ ಎಲ್ಲರ ಕೈಯಲ್ಲ. ನಿನ್ನ ಕೈ ಅದರೊಳಗೆ ಹೋಗುವುದಿಲ್ಲ. ನೀನು ಎಡಚ, ಆ ಜಾಗ ಬಲಗೈಯವರಿಗೆ ತಿರುಗಿಸಿ ಮಾಡಿದ್ದು, ಅದೂ ಸಣ್ಣ ಬಲಗೈಗೆ. ನನ್ನದು ತೋಳಿಗೆ ತಗಡು ತಾಗದೆ ಸಲೀಸಾಗಿ ಹೋಯಿತು. ಫಿಲ್ಟರ್ ತಿರುಗಿಸಿದಾಗ ಇಳಿದ ಆಯಿಲ್ ಮೊಣಕೈಗೆ ಹರಿಯಲಿಲ್ಲ. ಅಲ್ಲೊಂದು ಪುಟ್ಟ ಮೂತಿ ಮಾಡಿದ್ದೀಯ, ಅದರಿಂದ ಆಚೆಗೆ ಸುರಿಯಿತು. ಅಂಗಿಯ ತೋಳು ಒಣಗಿಯೇ ಇತ್ತು.

ಕೆಲಸ ಮುಗಿದ ಮೇಲೂ ನಾನು ಹೊರಗೆ ಬರಲಿಲ್ಲ.

"ಏನಾಯ್ತು, ಅಲ್ಲೇ ಮಲಗಿಬಿಟ್ರಾ?" ಎಂದು ಬೇಕರಿಯವನು ಕೇಳಿದ.

"ತಡಿ," ಎಂದೆ.

"ಕೆಟ್ಟದಾಗಿ ಮಾಡಿದಾರಾ?"

"ಸ್ವಲ್ಪ ಸುಮ್ಮನಿರ್ತೀಯಾ?" ಎಂದೆ. ನನ್ನ ದನಿ ಸರಿಯಿರಲಿಲ್ಲ ಎಂದು ಕಾಣುತ್ತದೆ, ಹನ್ನೊಂದು ಜೊತೆ ಬೂಟುಗಳು ಅಲುಗಾಡುವುದು ನಿಲ್ಲಿಸಿದವು.

ಹೊರಗೆ ಬಂದಾಗ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಹೇಳಿದೆ, "ಠರಾವಿನ ಕೊನೇ ವಾಕ್ಯ ಸುಳ್ಳು. ಅದನ್ನ ಬರೆದಿದ್ದು ನಾನು. ಇದನ್ನ ಮಾಡಿದೋನು ವರ್ಷಗಟ್ಟಲೆ ಕೈ ಮಸಿ ಮಾಡಿಕೊಂಡೋನು."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, "ನಮ್ಮ ಎಡಚನಾ?" ಎಂದರು.

ಹೌದೆಂದು ತಲೆಯಾಡಿಸಿದೆ. ಆಮೇಲೆ ಗಡಿಯಾರದವರು ತಮ್ಮ ಇಸ್ತ್ರಿ ಮಾಡಿದ ಅಂಗಿಯ ಸಮೇತ ಚಾಪೆಯ ಮೇಲೆ ಅಂಗಾತ ಮಲಗಿ ಒಳಗೆ ಸರಿದರು. ಮೂವತ್ತು ವರ್ಷ ಅಕ್ಕಿಕಾಳಿನಷ್ಟು ಸ್ಕ್ರೂಗಳ ಜೊತೆ ಬದುಕಿದ ಮನುಷ್ಯ. ಒಳಗಿನಿಂದ ಬಹಳ ಹೊತ್ತಿನ ಮೇಲೆ, "ಪುಣ್ಯಾತ್ಮ, ಬೋಲ್ಟಿನ ತಲೆಗೂ ಗುರುತು ಹಾಕಿದಾನೆ" ಎಂದು ಕೇಳಿಸಿತು. ನಂತರ ಸರದಿಯ ಮೇಲೆ ಎಲ್ಲರೂ ಮಲಗಿ ನೋಡಿದರು. ಅಧ್ಯಕ್ಷರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಬೇಕರಿಯವನು ತನ್ನ ಡಬ್ಬಿಯ ಆಯಿಲನ್ನೇ ಮದುಮಗನಿಗೆ ಸುರಿದ. ಸರ್ವೇಯವಳು ಅಷ್ಟು ಹೊತ್ತೂ ಕಲ್ಲಿನ ಮೇಲೆ ಕೂತು ಸೇಬು ತಿನ್ನುತ್ತಿದ್ದಳು, ಇದೆಲ್ಲ ಗೊತ್ತಿದ್ದವಳ ಹಾಗೆ. ಹೊರಡುವಾಗ ನನ್ನ ಕೈಗೆ ಕೀಲಿ ಕೊಟ್ಟು, "ಕೆಳಗಿನವರೆಗೆ ನೀವೇ ಓಡಿಸಿ" ಎಂದಳು. ಬೆನ್ನಿನ ವಿಷಯ ಅವಳು ಹೇಳಿದ್ದು ಆ ದಾರಿಯಲ್ಲೇ.

ಎಲ್ಲವೂ ಒಪ್ಪಿಗೆಯಾಯಿತು ಎಂದು ತಿಳಿಯಬೇಡ. ಬಾಗಿಲು ಮುಚ್ಚಿದರೆ ಫ್ರಿಜ್ಜು ಮುಚ್ಚಿದ ಸದ್ದು ಬರುತ್ತದೆ. ಹಿಂದಕ್ಕೆ ತೆಗೆದರೆ ಕೋಳಿಮರಿಯ ಹಾಗೆ ಕೀಚ್ ಕೀಚ್ ಅನ್ನುತ್ತದೆ, ನನಗೆ ಕುತ್ತಿಗೆ ತಿರುಗುತ್ತದೆ ಸ್ವಾಮಿ. ಆ ಪರದೆಯನ್ನು ಕೈಗವಸು ಹಾಕಿಕೊಂಡು ಮುಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ. ಅದು ನಿನ್ನ ಕೆಲಸವಲ್ಲ ಎಂದುಕೊಂಡಿದ್ದೇನೆ. ಆದರೆ ಮುಂದಿನ ದೀಪಗಳು ಗುಂಡಗೇ ಇವೆ, ಒರಟು ಜಾಗದಲ್ಲಿ ಸ್ಟೀರಿಂಗು ಕೈಗೆ ನೆಲದ ಸುದ್ದಿ ಹೇಳುತ್ತದೆ, ಬೆನ್ನಿಗೆ ಮಾತ್ರ ಹೇಳುವುದಿಲ್ಲ. ಅಜ್ಜ ಬದುಕಿದ್ದು ಕಲಿತಿದ್ದರೆ ಹೀಗೇ ಆಗುತ್ತಿದ್ದ ಅನ್ನಿಸಿತು.

ನೀನು ಹೊರಟ ದಿನ ಇದನ್ನೇ ಹೇಳಿದ್ದೆ. "ಅಜ್ಜನ ಕಾಲ ಮುಗೀತಾ ಇದೆ. ಅವನ ಹೆಸರಿಟ್ಟುಕೊಂಡು ಗೊತ್ತಿಲ್ಲದವರು ಏನೋ ಮಾಡೋ ಬದಲು, ಗೊತ್ತಿರೋ ಒಬ್ಬನಾದರೂ ಅಲ್ಲಿರಲಿ" ಎಂದಿದ್ದೆ. ನಾನು "ಅವನನ್ನ ಕೊಲ್ಲೋಕೆ ಸಂಬಳ ತಗೊಳ್ಳೋಕೆ ಹೋಗ್ತಿದ್ದೀಯ" ಎಂದೆ. ಆಗ ನೀನು, "ನಿನಗೆ ಬೇಕಿರೋದು ಗಂಡ ಅಲ್ಲ, ತಗಡು ಹಿಡಿಯೋಕೆ ಇನ್ನೊಂದು ಕೈ" ಎಂದೆ. ಆರು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ನಿನ್ನನ್ನು ಕಲ್ಲು ಎಂದುಕೊಂಡಿದ್ದೆ. ನೀನು ಆ ಕೈಯನ್ನೇ ಕಬ್ಬಿಣದಲ್ಲಿ ಮಾಡಿ ಕಳಿಸಿದೆ. ಸಿಟ್ಟಿನಿಂದ ಮಾಡಿದೆಯೋ ಇನ್ಯಾತರಿಂದ ಮಾಡಿದೆಯೋ ನನಗೆ ಗೊತ್ತಿಲ್ಲ. ಸಿಟ್ಟಿನಲ್ಲಿ ಯಾರೂ ಅಂಗಿಯ ತೋಳಿನ ಬಗ್ಗೆ ಯೋಚಿಸುವುದಿಲ್ಲ ಎಂದು ಅಮ್ಮ ಹೇಳುತ್ತಾರೆ.

ಗುರುವಾರ ಬಳಗ ಸೇರಿ ಠರಾವು ಹಿಂತೆಗೆದುಕೊಂಡಿತು. ಪತ್ರಿಕೆಗೆ ತಿದ್ದುಪಡಿ ನಾನೇ ಬರೆದು, ಈ ಸಲ ನನ್ನ ಹೆಸರನ್ನೇ ಹಾಕಿ ಕಳಿಸಿದ್ದೇನೆ. ಪ್ರತಿ ಇದರೊಳಗಿದೆ. ಗ್ಯಾರೇಜಿನಲ್ಲಿ ಇನ್ನು ಮದುಮಗನನ್ನೂ ನೋಡುತ್ತೇನೆ ಎಂದು ಎಲ್ಲರಿಗೂ ಹೇಳಿಯಾಗಿದೆ. ಗಡಿಯಾರದವರು ಮಾತ್ರ ತಾವು ಸಾಯುವವರೆಗೂ ಅಜ್ಜನನ್ನೇ ಓಡಿಸುವುದು ಎಂದಿದ್ದಾರೆ. ಅದೂ ಸರಿಯೇ. ನಾನೂ ಅಷ್ಟೇ.

ಚೆನ್ನಾಗಿ ಮಾಡಿದ್ದೀಯ. ಇದನ್ನು ಹೇಳಲಿಕ್ಕೆಂದೇ ಇಷ್ಟುದ್ದ ಬರೆದೆ. ಬಹಳ ಚೆನ್ನಾಗಿ ಮಾಡಿದ್ದೀಯ.

ಇಂತಿ,
ಆ ಅಳತೆಯ ಕೈಯವಳು

ತಾ.ಕ.: ಹೊರಗಿನ ಗ್ಯಾರೇಜಿನವರಿಗೆ ಹೊಸ ಗಾಡಿಗಳ ಕೆಲಸ ಕಲಿಸಲು ನಿಮ್ಮ ಕಾರ್ಖಾನೆಯಲ್ಲಿ ಎರಡು ವಾರದ ತರಬೇತಿ ಇದೆಯಂತೆ. ಸೇರಿಕೊಂಡಿದ್ದೇನೆ, ಬರುವ ಬುಧವಾರ ಬಿಟ್ಟು ಅದರ ಮುಂದಿನ ಬುಧವಾರ ಶುರು. ಆ ಎರಡು ವಾರ ಅಮ್ಮ ಸರ್ವೇಯವಳ ಮನೆಯಲ್ಲಿರುತ್ತಾರೆ, ಇಬ್ಬರೂ ಈಗಾಗಲೇ ಇಸ್ಪೀಟು ಆಡಲು ಶುರುಮಾಡಿದ್ದಾರೆ. ಉಳಿದುಕೊಳ್ಳಲು ಕಂಪನಿಯ ಅತಿಥಿಗೃಹದಲ್ಲಿ ಕೋಣೆ ಬೇಕೇ ಎಂದು ಅರ್ಜಿಯಲ್ಲಿ ಕೇಳಿದ್ದರು. ಬೇಡ ಎಂದು ಬರೆದಿದ್ದೇನೆ. ನಾನು ಬರೆದದ್ದು ತಪ್ಪಾಗಿದ್ದರೆ ಬೇಗ ತಿಳಿಸು, ತಿದ್ದಲು ಶನಿವಾರದವರೆಗೆ ಸಮಯವಿದೆ.